ದ್ಯಾಮಣ್ಣನ ಖುಲಾಸೆ

ಢಮ್!

ಹಿಂದಿನ ಜೀಪು ನನ್ನ ಪಿಕಪ್‌ಗೆ ಗುದ್ದಿತು. ಅಲ್ ಖೋರ್ ರಸ್ತೆ ಬಿಟ್ಟು ಮರಳಿಗಿಳಿದೆ. ಇಳಿದದ್ದೇ ಒಳ್ಳೆಯದಾಯಿತು... ಕೈದಿಗಳ ಯಾರ್ಡಿಗೆ ಅಡ್ಡದಾರಿ ಅದೇ!

ತೊಂಬತ್ತನಾಲ್ಕರ ಮಾತು ಸರ್. ನಾನು ಬೆನ್ನಿ. ದೋಹಾದಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸುವುದು ನನ್ನ ಕಸುಬು.

ಜೀಪಿನಲ್ಲಿದ್ದವನು ಸಿರಿಲ್. ನಮ್ಮ ಉಡುಪಿ ಕಡೆಯವನೇ. ಕೈದಿಗಳನ್ನು ಇಟ್ಟುಕೊಳ್ಳುವ ಕಂಟ್ರಾಕ್ಟು ಹಿಡಿದ ಖಾಸಗಿ ಕಂಪನಿಯ ಮ್ಯಾನೇಜರ್. ಅವರನ್ನು ಕಾದರೂ ಕಂಪನಿಗೆ ದುಡ್ಡು. ಯಾರ್ಡಿನಲ್ಲಿ ಸಿಮೆಂಟ್ ಬ್ಲಾಕ್ ಮಾಡಿಸಿದರೂ ದುಡ್ಡು. ಒಬ್ಬ ಬಿಡುಗಡೆಯಾದರೆ ಅಷ್ಟು ಲಾಸು!

ಗದಗದ ದ್ಯಾಮಣ್ಣ ಅಲ್ಲಿದ್ದ. ಮಾಡದ ಕಳ್ಳತನದ ಕೇಸು. ಆ ಬೆಳಿಗ್ಗೆ ಕೋರ್ಟು ಖುಲಾಸೆ ಮಾಡಿತ್ತು. ಅವನ ಹೆಂಡತಿ ನೀಲಕ್ಕ ಅಲ್ ರಯ್ಯಾನ್‌ನಲ್ಲಿ ಮನೆಗೆಲಸದವಳು. ಎಂಬೆಸಿ ಗೇಟಿನಲ್ಲಿ ಕಾಯುತ್ತಿದ್ದಳು. ಸಿರಿಲ್ ಅವನನ್ನು ಬೇರೆ ಯಾರ್ಡಿಗೆ ಸಾಗಿಸುವ ಮೊದಲು ನಾನು ಮುಟ್ಟಬೇಕಿತ್ತು.

ಯಾರ್ಡಿನ ಗೇಟಿನಲ್ಲಿ ಇಳಿದೆ. ಸಿರಿಲ್ ಹಾರಿ ಬಂದು ಕಾಲರ್ ಹಿಡಿದ. ಕೈಯಲ್ಲಿ ಕಬ್ಬಿಣದ ರಾಡು.

“ಎಂತ ಅವಸರ ಬೆನ್ನಿ? ನಾಡಿದ್ದು ಬಾ.”

“ನಾಡಿದ್ದು ಅವ ಎಲ್ಲಿರ್ತಾನೆ?”

“ಕೆಲಸದಲ್ಲಿ ಮಾರಾಯ! ಮೂರು ಹೊತ್ತು ಊಟ ಹಾಕ್ತೇವೆ. ಊರಲ್ಲಿ ಅಷ್ಟುಂಟಾ ಅವನಿಗೆ?”

ಮೈ ಉರಿಯಿತು. ಮೊಣಕೈಯಿಂದ ಅವನ ಮೂಗಿಗೆ ಕೊಟ್ಟೆ. ರಾಡು ಬಿತ್ತು. ಓಡಿದೆ!

ಬ್ಲಾಕ್ ಪ್ರೆಸ್ಸಿನ ಗದ್ದಲ. ಧೂಳಿನಲ್ಲಿ ಎಲ್ಲರೂ ಒಂದೇ ಬಣ್ಣ. ಯಾರು ದ್ಯಾಮಣ್ಣ? ಗಾರ್ಡು ಕಾಲು ಹಿಡಿದು ಕೆಡವಿದ. ಸುದ್ದಿಯಾದರೂ ಕಿವಿಗೆ ಬೀಳಲಿ ಎಂದು ಗಂಟಲು ಹರಿಯುವಂತೆ ಕೂಗಿದೆ.

“ದ್ಯಾಮಣ್ಣಾ! ಖುಲಾಸೆ! ಖುಲಾಸೆ!”

ಎಲ್ಲೋ ಒಳಗಿನಿಂದ ದನಿ ಬಂತು.

“ಖರೇನ ಏನ್ರೀ? ತಡೀರಿ, ಬಂದ್ನಿ!”

ದ್ಯಾಮಣ್ಣನೇ! ನಗುತ್ತಿದ್ದ.

ದೊಡ್ಡ ಮಿಕ್ಸರ್ ತಿರುಗತೊಡಗಿತು... ಒಂದು ಚೀತ್ಕಾರ. ಆಮೇಲೆ ಏನೂ ಇಲ್ಲ.

ಗೋಡೆಯ ಆಚೆಯಿಂದ ಬಂಗಾಳಿ ಆಪರೇಟರ್ ಓಡಿ ಬಂದ. ಅವನೂ ಕೈದಿಯೇ. ಡ್ರಮ್ಮಿನೊಳಗೆ ನೋಡಿದವನು ತಲೆ ಹೊಡೆದುಕೊಂಡ.

“ಖಲಾಸ್ ಬೋಲಾ ನಾ ಸಾಬ್? ಆಪ್ ಹೀ ಬೋಲಾ ನಾ!”

ಆಗ ಗೊತ್ತಾಯಿತು. ಒಬ್ಬ ಡ್ರಮ್ಮಿಗಿಳಿದು ಅಂಟಿದ ಸಿಮೆಂಟ್ ಕೆರೆಯುತ್ತಾನೆ. ಮುಗಿಸಿ ಹೊರಬಂದು ಅರಬ್ಬಿಯಲ್ಲಿ ‘ಖಲಾಸ್’, ಅಂದರೆ ಮುಗಿಯಿತು, ಎಂದು ಕೂಗುತ್ತಾನೆ. ಗೋಡೆಯಾಚೆಗೆ ಇವನು ಸ್ವಿಚ್ ಒತ್ತುತ್ತಾನೆ. ಆಗ ಒಳಗಿಳಿದಿದ್ದವನು ದ್ಯಾಮಣ್ಣ. ಮೊದಲು ಆ ಸ್ವಿಚ್ಚಿಗೆ ಬೀಗವಿತ್ತಂತೆ, ಕೀಲಿ ಡ್ರಮ್ಮಿಗಿಳಿದವನ ಬಳಿಯೇ. ಪ್ರತಿ ಸಲ ಬೀಗ ಹಾಕಿ ತೆಗೆಯುವಷ್ಟರಲ್ಲಿ ಕೆಲಸ ಕೆಡುತ್ತದೆಂದು ಸಿರಿಲ್ ಅದನ್ನು ಕಿತ್ತುಹಾಕಿಸಿದ್ದ.

ನಾನು ಕನ್ನಡದಲ್ಲಿ ಕೂಗಿದ್ದೆ. ಪ್ರೆಸ್ಸಿನ ಗದ್ದಲದಲ್ಲಿ ಆಪರೇಟರನಿಗೆ ಅರಬ್ಬಿ ಕೇಳಿಸಿತ್ತು.

ಸಿರಿಲ್ ಮೂಗಿಗೆ ಕರ್ಚೀಫು ಒತ್ತಿಕೊಂಡು ಬಂದ.

“ಕೊಂದದ್ದು ನೀನು, ಬೆನ್ನಿ.”

“ಬೀಗ ಎಲ್ಲಿಟ್ಟಿದ್ದೀಯ?” ಎಂದೆ. ಅವನು ತಿರುಗಿ ಜೀಪಿನ ಕಡೆ ಹೋದ. ನಾನು ಅಲ್ಲೇ ಕೂತು ಅತ್ತೆ ಸರ್. ನಾಚಿಕೆಯಿಲ್ಲದೆ ಅತ್ತೆ.

ನೀಲಕ್ಕ ಎಂಬೆಸಿ ಗೇಟಿನಲ್ಲೇ ನಿಂತಿದ್ದಳು.

“ಒಬ್ರ ಬಂದ್ರಿ? ಅವ್ರನ್ನ ಬಿಡ್ಲಿಲ್ಲೇನ್ರೀ ಅಣ್ಣಾರ?”

ಎಲ್ಲ ಹೇಳಿದೆ. ನನ್ನ ಕೂಗನ್ನೂ ಮುಚ್ಚಿಡಲಿಲ್ಲ. ಅವಳು ನೆಲಕ್ಕೆ ಕುಸಿದಳು. ಒಂದೇ ಮಾತು ಕೇಳಿದಳು.

“ಬಿಡುಗಡೆ ಆತು ಅಂತ... ಅವ್ರಿಗೆ ಕೇಳಿಸಿತ್ತೇನ್ರೀ?”

“ಕೇಳಿಸಿತ್ತು ಅಕ್ಕಾ. ನಕ್ಕರು.”

ಮುಂದಿನ ವಾರ ದ್ಯಾಮಣ್ಣ ಊರಿಗೆ ಹೋದ. ನಿರ್ದೋಷಿಯಾಗಿ... ಕಾರ್ಗೋದಲ್ಲಿ!