ಬೆಕ್ಕಿನ ಓಣಿಯ ಹೆಬ್ಬೆಟ್ಟು

"ಆ ಬೆಕ್ಕಿನ ಓಣ್ಯಾಗ ಯಾರ ಹೆಬ್ಬಟ್ಟೂ ತಗೋಬ್ಯಾಡ್ರಿ ಸಾಹೇಬ್ರ," ಎಂದ ರೇಷನ್ ಅಂಗಡಿಯ ಕರೀಮಸಾಬ. "ನಾ ಜ್ವಾಳ ಒಯ್ದು ಹೊಸ್ತಲದಾಗ ಇಟ್ಟು, ಹೊಳ್ಳಿ ನೋಡದ ಬರ್ತೇನಿ. ನಮ್ಮ ಅಬ್ಬಾನೂ ಹಂಗ ಮಾಡ್ತಿದ್ರು. ಅವ್ರು ಮಂದಿ ಅಲ್ರಿ, ಬೆಕ್ಕು. ನಾವಾಗೇ ಏನರ ನಮ್ದು ಅವ್ರಿಗಿ ಕೊಟ್ವಿ ಅಂದ್ರ, ನಮ್ಮ ರೂಪ ತೊಟ್ಟು ನಮ್ಮ ಮನಿ ಹೊಗ್ತಾರ."

ಸುಧೀರ ಬಿದ್ದು ಬಿದ್ದು ನಕ್ಕ. ಹೆಂಡತಿ ಅನುಜಾ, ಮೂರು ವರ್ಷದ ಮಗಳು ಅಮಿತಾಳೊಂದಿಗೆ ಅವನು ನಿಂಬರ್ಗಾಕ್ಕೆ ಬಂದು ಎಂಟು ದಿನವಾಗಿತ್ತಷ್ಟೆ. ರೇಷನ್ ಕಾರ್ಡಿಗೆ ಹೊಸದಾಗಿ ಸೇರುವವರ ಹೆಬ್ಬೆಟ್ಟನ್ನು ಯಂತ್ರದಲ್ಲಿ ಒತ್ತಿಸಿಕೊಳ್ಳುವುದು ಅವನ ಕೆಲಸ. "ಹಂಗಾರ ಜ್ವಾಳ ಯಾಕ? ಕಾರ್ಡಿನ್ಯಾಗ ಹಾಲು ಬರೀತೇನಿ ಬಿಡ್ರಿ," ಎಂದು ಯಂತ್ರದ ಚೀಲವನ್ನು ಹೆಗಲಿಗೇರಿಸಿ ಹೊರಟೇಬಿಟ್ಟ. ಹಿಂದಿನಿಂದ ಕರೀಮಸಾಬ ಕೂಗಿ ಕರೆದದ್ದನ್ನು ಕೇಳುವಷ್ಟು ವ್ಯವಧಾನ ಆ ಮಹಾರಾಯನಿಗೆ ಎಲ್ಲಿತ್ತು?

ಮಟಮಟ ಮಧ್ಯಾಹ್ನ. ತೊಗರಿ ಹೊಲ ದಾಟಿದರೆ ಪರಶಿ ಕಲ್ಲಿನ ನಾಲ್ಕು ಗಿಡ್ಡ ಮನೆಗಳು, ಅದೇ ಓಣಿ. ಅಲ್ಲಿ ನಾಯಿ ಬೊಗಳಲಿಲ್ಲ, ಕಾಗೆ ಕೂಗಲಿಲ್ಲ. ಮೂರು ಮನೆಗಳಿಗೆ ಬೀಗ. ಕೊನೆಯ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಾಲಿಟ್ಟರೆ ಹಳಸಿದ ಹಾಲಿನ ವಾಸನೆ, ಬೆಕ್ಕಿನ ಉಚ್ಚೆಯ ಘಾಟು, ಕಣ್ಣಿಗೆ ಬಟ್ಟೆ ಕಟ್ಟಿದಂಥ ಕತ್ತಲೆ. ಸ್ವಲ್ಪ ಹೊತ್ತಿನ ಮೇಲೆ, ಗೋಡೆಗೆ ಆತು ಕೂತ ಮೂವರು ಮುದುಕಿಯರು ಕಂಡರು. ಎಲ್ಲಿಂದಲೋ ಗುರ್‌ಗುರ್ ಎನ್ನುವ ಸದ್ದು ಬರುತ್ತಿತ್ತು.

"ಹೆಬ್ಬಟ್ಟು ಒತ್ರಿ ಆಯಿ."

ಹಿರಿಯಳು ಸೆರಗಿನೊಳಗಿಂದ ಕೈ ತೆಗೆದಳು. ಬೆರಳು ತೀರ ಮೆತ್ತಗಿತ್ತು. ಯಂತ್ರದಲ್ಲಿ ಕೆಂಪು ದೀಪ. ಒರೆಸಿ ಮತ್ತೆ ಒತ್ತಿಸಿದ. ಮತ್ತೆ ಕೆಂಪು.

ಹತ್ತಿ ಬಿಡಿಸಿ, ತೊಗರಿ ಕೊಯ್ದು ಬೆರಳಿನ ಗೆರೆ ಸವೆದ ಮುದುಕಿಯರು ಸುಧೀರನಿಗೆ ಹೊಸಬರಲ್ಲ. ಅಂಥವರಿಗೆಂದು ಅವನೊಂದು ಕಳ್ಳದಾರಿ ಕಂಡುಕೊಂಡಿದ್ದ. ಅವರ ಹೆಸರಿಗೆ ತನ್ನದೇ ಹೆಬ್ಬೆಟ್ಟು ಒತ್ತಿ ಕೆಲಸ ಮುಗಿಸುತ್ತಿದ್ದ.

"ನಿಮ್ಮ ಬದ್ಲಿ ನಾನ ಒತ್ತತೇನಿ, ನಡೀತದಲ್ಲ?"

ಮುದುಕಿ ಮೊದಲ ಸಲ ಬಾಯಿ ಬಿಟ್ಟಳು. "ಖುಷಿಲೇ ಕೊಡ್ತಿಯೇನಪಾ?"

"ಖುಷಿಲೇ ಕೊಡ್ತೇನಿ, ತಗೋರಿ," ಎಂದು ನಗುತ್ತಲೇ ಒತ್ತಿದ. ಹಸಿರು ದೀಪ ಹತ್ತಿತು.

ಗುರ್‌ಗುರ್ ಸದ್ದು ಥಟ್ಟನೆ ನಿಂತಿತು. ಹೆಬ್ಬೆಟ್ಟು ಚುರ್ರೆಂದಿತು. ಎತ್ತಿ ನೋಡಿದ. ಒಂದು ಗೆರೆಯೂ ಇರಲಿಲ್ಲ. ಮುದುಕಿ ಎದ್ದು ನಿಂತಳು. ಗೂನು ಬೆನ್ನು ನೆಟ್ಟಗಾಯಿತು. ತುಟಿಯ ಮೇಲೆ ಮೀಸೆ ಮೂಡಿತು. ಸುಧೀರನ ಮೀಸೆ. ಸುಧೀರನ ಮೂಗು. ಆ ಬಾಯಿ ಸುಧೀರನ ನಗೆಯನ್ನೇ ನಕ್ಕಿತು. ಅವನು ಚೀರಿದ. ಮಾತು ಹೊರಡಲಿಲ್ಲ. ಸೂರು ಮೇಲೆ ಮೇಲೆ ಹೋಯಿತು. ಅವನ ಅಂಗಿಯೇ ಅವನ ಮೇಲೆ ಕುಸಿದು ಉಸಿರುಗಟ್ಟಿಸಿತು. ಯಾರೋ ಆ ಅಂಗಿಯನ್ನೆತ್ತಿ, ಕೊಡವಿ, ತೊಟ್ಟುಕೊಂಡರು. ಯಂತ್ರದ ಚೀಲ ಹೆಗಲಿಗೇರಿತು. ಬಾಗಿಲು ಮುಚ್ಚಿತು.

ಉಳಿದ ಇಬ್ಬರು ಮುದುಕಿಯರು ಕೂತಲ್ಲೇ ಕೂತು ಅವನನ್ನು ನೋಡಿದರು. ತಡೆಯಲಿಲ್ಲ.

ಗೋಡೆಯ ಕಿಂಡಿಯಿಂದ ನುಸುಳಿ ಓಡಿದ. ನಾಲ್ಕು ಕಾಲಲ್ಲಿ ಓಡುತ್ತಿದ್ದೇನೆ ಎಂಬುದು ಗೊತ್ತಾದಾಗ ಅವನ ಎದೆ ಒಡೆದೇಹೋಯಿತು. ದಾರಿಯಲ್ಲಿ ನಾಯಿಗಳು ಅಟ್ಟಿಸಿಕೊಂಡು ಬಂದವು. ಹೊಲದಲ್ಲಿ ಅಡಗಿದ, ಮತ್ತೆ ಓಡಿದ. ಅನುಜಾ. ಅಮಿತಾ. ಅವನಿಗಿಂತ ಮುಂಚೆ ಅದು ಮನೆ ಮುಟ್ಟಬಾರದು. ಅಷ್ಟೇ ಅವನ ತಲೆಯಲ್ಲಿತ್ತು.

ಮನೆ ಸೇರುವಾಗ ಹೊತ್ತು ಮುಳುಗುತ್ತಿತ್ತು. ಒಳಗೆ ಅನುಜಾ ರೊಟ್ಟಿ ಬಡಿಯುತ್ತಿದ್ದಳು. ಅಮಿತಾ ಆಗಲೇ 'ಅಪ್ಪ'ನ ತೊಡೆಯ ಮೇಲಿದ್ದಳು.

ಹೊಸ್ತಿಲಲ್ಲಿ ನಿಂತು ಹೆಂಡತಿಯ ಹೆಸರು ಹಿಡಿದು ಕೂಗಿದ. ಕೇಳಿದ್ದು ಮಿಯಾಂವ್ ಎಂದು.

"ಛೀ! ಎಲ್ಲಿದು ಬಂತ್ರಿ ಈ ಹಾಳ ಬೆಕ್ಕು?" ಅನುಜಾ ತಂಬಿಗೆಯ ನೀರು ಎರಚಿದಳು.

"ಹೋಗ್ಲಿ ಬಿಡು," ಎಂದಿತು ಸುಧೀರನದೇ ದನಿ. ಅದು ಮಗಳ ಪುಟ್ಟ ಹೆಬ್ಬೆರಳನ್ನು ಹಿಡಿದು, ಗೆರೆಗಳನ್ನೇ ನೋಡುತ್ತಿತ್ತು. "ನಾಳೆ ನೀ ಅಮಿತಾನ್ನ ಕರ್ಕೊಂಡು ನನ್ನ ಕೂಡ ಬಾ. ಆ ಓಣ್ಯಾಗ ಇನ್ನಾ ಇಬ್ರು ಮುದುಕ್ಯಾರು ಉಳದಾರ. ಯಂತ್ರಾ ಅವರ ಹೆಬ್ಬಟ್ಟು ಹಿಡಿವಲ್ದು. ನೀವಿಬ್ರೂ ಅವರ ಬದ್ಲಿ ಒತ್ತಿದ್ರ ಆತು."

"ಅಷ್ಟೇ ಅಲ್ಲೇನ್ರಿ? ಖುಷಿಲೇ ಬರ್ತೇವಿ," ಎಂದಳು ಅನುಜಾ. ಎದ್ದು ಬಂದು, ಬೆಕ್ಕಿನ ಮೂತಿಗೆ ಸರಿಯಾಗಿ ಬಾಗಿಲು ಹಾಕಿ ಚಿಲಕ ಏರಿಸಿದಳು.