ಎರಡು ಚುಕ್ಕೆ ಒತ್ತಿದರೆ

ಆ ಬೆಳಿಗ್ಗೆ ಚಿಗುಸಾಳ ಸಿಟ್ಟು ನೆತ್ತಿಗೇರಿದ್ದು ಒಂದು ಉಂಗುರದಿಂದ.

ಕಡಲತೀರದ ಊರು ಉವಾಜಿಮಾದ ಮುತ್ತಿನ ಕಂಪನಿಯಲ್ಲಿ ಅವಳದು ವಿಂಗಡಿಸುವ ಕೆಲಸ. ಉತ್ತರದ ಕಿಟಕಿಯ ಬೆಳಕಿಗೆ ಮುತ್ತು ಹಿಡಿದು ಹೊಳಪು ನೋಡಬೇಕು, ಮೂರನೇ ದರ್ಜೆಯದಾದರೆ ಎಕ್ಸೆಲ್ ಹಾಳೆಯಲ್ಲಿ ಕಂಸದೊಳಗೆ ಇಂಗ್ಲಿಷಿನ ಸಿ ಹಾಕಬೇಕು. ಅವತ್ತು ಹಾಕಿದ ಸಿಗಳಿಗೆಲ್ಲ ಕಂಸ ಹೋಗಿ ಸುತ್ತ ಉಂಗುರ ಬಂದು ಕೂತಿತ್ತು. ಹಿಂದಿನ ದಿನವಷ್ಟೇ ಆ ಹೊಸ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದವನು ಕೋಬೆಯ ಕಚೇರಿಯಿಂದ ವರ್ಗವಾಗಿ ಬಂದಿದ್ದ ಯಾನೊ.

"ಯಾನೊ-ಸಾನ್, ತಮಾಷೆ ಮಾಡೋಕೆ ನಿಮಗೆ ಬೇರೆ ಯಾರೂ ಸಿಗ್ಲಿಲ್ವಾ?"

"ಅಯ್ಯೋ, ನಾನಲ್ಲ ರೀ! ಇದಕ್ಕೆ ಸ್ವಲ್ಪ ಅಧಿಕಪ್ರಸಂಗ. ಯಾರೂ ಕೇಳದೇ ಇದ್ರೂ ತಿದ್ದುತ್ತೆ."

"ನಿಮ್ಮ ಹಾಗೇನೇ."

ಅವನು ನಕ್ಕ. ಬಗ್ಗಿ ಮೌಸ್ ಹಿಡಿದು ಆಟೋಕರೆಕ್ಟ್ ಪೆಟ್ಟಿಗೆ ತೆರೆದ. ತೋಳಿನಿಂದ ಕಿತ್ತಳೆ ಸಿಪ್ಪೆಯ ವಾಸನೆ ಬಂತು. ಬೈಯಬೇಕೆಂದಿದ್ದ ಮಾತು ಚಿಗುಸಾಗೆ ಮರೆತೇ ಹೋಯಿತು.

"ನೋಡಿ, ಬೇಡದ್ದು ಇಲ್ಲಿ ಅಳಿಸಬಹುದು, ಬೇಕಾದ್ದು ಸೇರಿಸಬಹುದು," ಎನ್ನುತ್ತ ಅಲ್ಲೇನೋ ಟೈಪ್ ಮಾಡಿದ. "ಈಗ ಎರಡು ಚುಕ್ಕೆ ಒತ್ತಿ, ಒಂದು ಸ್ಪೇಸ್ ಕೊಡಿ."

ಒತ್ತಿದಳು. ಪರದೆಯ ಮೇಲೆ 'ಮಿಯೋಶಿ' ಎಂದು ಮೂಡಿತು. ಅವಳ ಮನೆತನದ ಹೆಸರು. ಆಫೀಸಿನಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ಚಿಗುಸಾ ಎನ್ನುವವರು ಮನೆಯವರು ಮಾತ್ರ.

"ಪ್ರತಿ ಸಾಲಿಗೂ ನಿಮ್ಮ ಹೆಸರು ಹಾಕಿ ಹಾಕಿ ಬೆರಳು ಸವೆಯೋದು ಬೇಡ," ಎಂದ, ಅವಳ ಬೆರಳುಗಳನ್ನೇ ನೋಡುತ್ತ.

ಆಮೇಲೆ ದಿನಗಳು ಮುತ್ತಿನ ಬಣ್ಣಕ್ಕೆ ತಿರುಗಿದವು. ಕಾಲಿಗೆ ತಾಗುವ ತಂಪು, ಕಿಟಕಿಯಾಚೆ ಕಡಲಲ್ಲಿ ತೇಲುವ ಮುತ್ತಿನ ಚಿಪ್ಪಿನ ತೆಪ್ಪಗಳು, ಎದುರು ಮೇಜಿನಲ್ಲಿ ಯಾನೊನ ಬಗ್ಗಿದ ತಲೆ. ಬೇಕೆಂದೇ ಚಿಗುಸಾ ಹೊಸ ಹೊಸ ತೊಂದರೆ ಹುಡುಕುತ್ತಿದ್ದಳು.

"ಯಾನೊ-ಸಾನ್, ಮತ್ತೆ ಏನೋ ತಿದ್ದಿಬಿಡ್ತು."

"ನಿನ್ನೆ ತಾನೇ ಹೇಳ್ಕೊಟ್ಟೆನಲ್ಲ?"

"ಮರೆತೆ."

"ಸುಳ್ಳು," ಎನ್ನುತ್ತಲೇ ಅವನು ಎದ್ದು ಬರುತ್ತಿದ್ದ.

ಮಾರ್ಚ್ ತಿಂಗಳು ಬಂತು, ಜೊತೆಗೆ ವರ್ಗದ ಆದೇಶವೂ ಬಂತು. ಯಾನೊ ಕೋಬೆಗೆ ವಾಪಸ್. ಹೊರಡುವ ದಿನ ಎಲ್ಲರಿಗೂ ಸಿಹಿ ಹಂಚಿ, ತಲೆಬಾಗಿ ವಂದಿಸಿದ. ಚಿಗುಸಾಗೂ ಅಷ್ಟೇ, ಒಂದು ಸಿಹಿ, ಒಂದು ವಂದನೆ. ಮಧ್ಯಾಹ್ನ ರೈಲು. ಅಷ್ಟರೊಳಗೆ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಅವಳಿಗೆ ಗೊತ್ತಿತ್ತು. ಅವನ ಮನಸ್ಸಿನಲ್ಲಿ ಏನೂ ಇಲ್ಲದಿದ್ದರೆ? ಕೆಲಸಕ್ಕೆ ಕೈ ಹಾಕಿ ಎರಡು ಚುಕ್ಕೆ ಒತ್ತಿದಳು, ಸ್ಪೇಸ್ ಕೊಟ್ಟಳು.

'ಚಿಗುಸಾ' ಎಂದು ಬಂತು.

ಅಳಿಸಿ ಮತ್ತೆ ಒತ್ತಿದಳು. ಚಿಗುಸಾ.

ತಲೆ ಎತ್ತಿದಳು. ಎದುರು ಮೇಜಿನಲ್ಲಿ ಯಾನೊ ತನ್ನ ಸಾಮಾನಿನ ರಟ್ಟಿನ ಪೆಟ್ಟಿಗೆಗೆ ಟೇಪ್ ಸುತ್ತುತ್ತಿದ್ದ. ಸುತ್ತಿದ್ದಕ್ಕೇ ಮತ್ತೆ ಸುತ್ತುತ್ತಿದ್ದ. ಕಿವಿ ಕೆಂಪಗಾಗಿತ್ತು.

"ಯಾನೊ-ಸಾನ್, ಇದು ಮತ್ತೆ ಅಧಿಕಪ್ರಸಂಗ ಮಾಡ್ತಿದೆ."

"ಈ ಸಲ... ಅದರದ್ದು ತಪ್ಪಿಲ್ಲ." ಅವನ ದನಿ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣಗಿತ್ತು. "ಬಾಯಲ್ಲಿ ಕರೆಯೋ ಧೈರ್ಯ ಇರ್ಲಿಲ್ಲ. ಬೇಡ ಅಂದ್ರೆ ಅಳಿಸಿಬಿಡಿ. ಹೇಗೂ ಅದು ಈ ಕಂಪ್ಯೂಟರಲ್ಲೇ ಉಳಿಯುತ್ತೆ, ನನ್ನ ಜೊತೆ ಬರೋದಿಲ್ಲ."

ಚಿಗುಸಾ ಪರದೆಯ ಮೇಲೆ ಆಟೋಕರೆಕ್ಟ್ ಪೆಟ್ಟಿಗೆ ತೆರೆದಳು. ಅವನೇ ಕಲಿಸಿದಂತೆ ಚುಕ್ಕೆಗಳ ಸಾಲು ಹುಡುಕಿ ಅಳಿಸಿದಳು. ಯಾನೊನ ಕೈಯಿಂದ ಟೇಪಿನ ಸುರುಳಿ ಜಾರಿ ಉರುಳಿತು.

"ಅಳಿಸಿದೆ," ಎಂದಳು. ಎದ್ದು ಅವನ ಮೇಜಿನ ಬಳಿ ಬಂದಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗು. "ಇದಕ್ಕೆಲ್ಲ ಯಂತ್ರ ಯಾಕೆ? ನೀವೇ ಕರೀರಿ. ಕೋಬೆಯಿಂದ ದಿನಾ ಫೋನ್ ಮಾಡಿ ಕರೀಬೇಕು. ಈಗಿಂದಲೇ ಶುರು ಮಾಡಿ."

ಇಡೀ ಆಫೀಸು ಕೇಳಿಸಿಕೊಳ್ಳುತ್ತಿತ್ತು.

"ಚಿಗುಸಾ," ಎಂದ.

"ಹೂಂ," ಎಂದಳು.