ಕಚ್ಚಾ ಬಣ್ಣ, ಪಕ್ಕಾ ಬಣ್ಣ

“ನನ್ನ ನೋಡಬ್ಯಾಡ್ರಿ ಸಾಹೇಬರ, ಕುಪ್ಪಿ ನೋಡ್ರಿ,” ಎಂದಳು ರಾಜಮತಿ, ಬೆಳಗಿನಿಂದ ಅದೆಷ್ಟನೆಯ ಸಲವೋ.

“ಕುಪ್ಪಿಯೊಳಗ ಏನೈತ್ರಿ? ಕೆಂಪು ನೀರು. ದಿನಾ ನೋಡತೇನಿ,” ಎಂದ ವೃಷಭ.

“ವಿಚಾರ ಮಾಡೋ ಮಂದಿ ಚಿತ್ರದಾಗ ಹಂಗ ಇರಬೇಕ್ರಿ. ಹಣಿ ಮ್ಯಾಲ ಬೆಳಕು, ಕಣ್ಣು ಕೆಲಸದ ಮ್ಯಾಲ.”

“ವಿಚಾರ ಮಾಡುವಾಗ ನಾ ತಲಿ ಕೆರಕೋತೇನಿ. ಅದನ್ನ ಬರೀರಿ.”

ಅವಳು ನಕ್ಕಳು. ಮೂಲೆಯಲ್ಲಿ ತೂಕಡಿಸುತ್ತಿದ್ದ ಅವಳ ಅಪ್ಪ ಅನಂತಪ್ಪ ಒಮ್ಮೆ ಕಣ್ಣು ಬಿಟ್ಟು ಮತ್ತೆ ಮುಚ್ಚಿದ.

ವೃಷಭ ತೇರದಾಳದವನು. ಪುಣೆಯಲ್ಲಿ ರಸಾಯನಶಾಸ್ತ್ರ ಓದಿ ಬಂದು, ರಬಕವಿಯ ಸೀರೆಗಳಿಗೆ ಎಷ್ಟು ಒಗೆದರೂ ಬಿಡದ ಕೆಂಪು ಬಣ್ಣ ಕಂಡುಹಿಡಿದಿದ್ದ. ಜಮಖಂಡಿ ಸಂಸ್ಥಾನ ಮೆಚ್ಚಿ ಅವನನ್ನು ಹೆಚ್ಚಿನ ಓದಿಗೆ ವಿಲಾಯತಿಗೆ ಕಳಿಸುತ್ತಿತ್ತು. ಹೋಗುವ ಮೊದಲು ದರಬಾರಿನ ಗೋಡೆಗೆ ಅವನದೊಂದು ಚಿತ್ರ ಬೇಕಿತ್ತು. ಚಿತ್ರಗಾರ ಅನಂತಪ್ಪನ ಕೈಗೆ ನಡುಕ ಬಂದಿದ್ದರಿಂದ ಕುಂಚ ಮಗಳದು, ಹೆಸರು ಮಾತ್ರ ಅಪ್ಪನದು.

ರಾಜಮತಿ ಎಷ್ಟೋ ಪಂಡಿತರ, ವೈದ್ಯರ ಮುಖ ಬರೆದಿದ್ದಳು. ಎಲ್ಲರೂ ಪುಸ್ತಕವನ್ನೋ ಅವಳ ಹೆಗಲಾಚೆ ಎಲ್ಲೋ ನೋಡುತ್ತ ಕುಳಿತವರೇ. ಗಂಡ ತೀರಿದ ಮೇಲೆ ಮನೆಯಲ್ಲೂ ಯಾರೂ ಅವಳ ಮುಖವನ್ನು ನೆಟ್ಟಗೆ ನೋಡುತ್ತಿರಲಿಲ್ಲ. ಇವನೊಬ್ಬ ನೋಡಿದ. ತಪ್ಪೆಂದು ಗೊತ್ತಿದ್ದೂ ಅವಳ ಜೀವ ಹಿಗ್ಗಿತು. ಕೈ ಅವಳ ಮಾತು ಕೇಳಲಿಲ್ಲ. ಆ ನೋಟವನ್ನು ಇದ್ದ ಹಾಗೆಯೇ ಬರೆದುಬಿಟ್ಟಳು.

ಬಣ್ಣ ಒಣಗಿದ ಮೇಲೆ ಸಂಸ್ಥಾನದ ಕಾರಭಾರಿ ಅಪ್ಪಾಸಾಬರು ಬಂದು ನೋಡಿ ಮೂಗು ಮುರಿದರು.

“ಇದೇನೋ ಅನಂತಪ್ಪ? ಶಾಸ್ತ್ರಜ್ಞ ಅಂದ್ರ ಹಿಂಗಿರ್ತಾನೇನು? ಯಾರದೋ ದಾರಿ ಕಾಯಾಕತ್ತಾನಲ್ಲೋ ಇಂವ! ಕಣ್ಣು ಕುಪ್ಪಿ ಕಡೆ ತಿರುಗಸು.”

ಅನಂತಪ್ಪ ಮಗಳ ಕಡೆ ನೋಡಿದ. ಮುದುಕನಿಗೆ ಎಲ್ಲ ತಿಳಿದಿತ್ತು.

ತನ್ನನ್ನು ನೋಡಿದ ಎರಡೇ ಕಣ್ಣುಗಳನ್ನು ತನ್ನ ಕೈಯಿಂದಲೇ ತಿರುಗಿಸಬೇಕು. ರಾಜಮತಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು. ಆಮೇಲೆ ಎದ್ದು ಬಣ್ಣ ಕಲಸಿದಳು.

ಹೊರಡುವ ಮುನ್ನಾದಿನ ವೃಷಭ ಬಂದ. ಚಿತ್ರದಲ್ಲಿ ಕುಪ್ಪಿಯಲ್ಲೇ ಕಣ್ಣು ನೆಟ್ಟು ಕುಳಿತ ತನ್ನನ್ನು ಕಂಡು ಅವನ ಮುಖ ಸಣ್ಣದಾಯಿತು.

“ಅಂತೂ ನನ್ನ ಶ್ಯಾಣ್ಯಾ ಪಂಡಿತ ಮಾಡಿದ್ರಿ. ಮೊದಲಿನ ಕಣ್ಣು ಕೆರದ ಹಾಕಿದ್ರೇನು?”

“ಇಲ್ರಿ.” ಅವಳು ತಲೆಯೆತ್ತಲಿಲ್ಲ. “ಕೆಳಗಿಂದು ಎಣ್ಣಿ ಬಣ್ಣ, ಪಕ್ಕಾ. ಮ್ಯಾಲಿಂದು ನೀರಿನ ಬಣ್ಣರಿ, ಕಚ್ಚಾ. ಹಸಿ ಅರಿವಿಲೆ ಒರಸಿದ್ರ ಹೋಗತೈತಿ.”

ಬಣ್ಣವೇ ಅವನ ವಿದ್ಯೆ. ಆದರೂ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

“ಯಾರನ್ನೂ ಮುಟ್ಟಾಕ ಬಿಡಬ್ಯಾಡ, ರಾಜಮತಿ,” ಎಂದ, ಇಷ್ಟು ದಿನದ ‘ರಿ’ ಬಿಟ್ಟು. “ನಾ ಬಂದು ಒರಸತೇನಿ.”

“ಹೋಗಿ ಬರ್ರಿ,” ಎಂದಳು. ಎಲ್ಲರೂ ಎಲ್ಲರಿಗೂ ಹೇಳುವ ಮಾತೇ. ಅವಳಿಗೆ ಅದರಲ್ಲಿ ಎರಡನೆಯ ಪದವಷ್ಟೇ ಬೇಕಿತ್ತು.

ಚಿತ್ರ ದರಬಾರಿನ ಗೋಡೆ ಏರಿತು. “ಎಂಥಾ ಧ್ಯಾನ ನೋಡ್ರಿ, ಯಾರ ಕಡೀನೂ ಕಣ್ಣೆತ್ತಾಂಗಿಲ್ಲ,” ಎಂದು ಬಂದವರೆಲ್ಲ ತಲೆದೂಗಿದರು.

ಮಳೆಗಾಲಗಳು ಬಂದು ಹೋದವು, ವೃಷಭ ಬರಲಿಲ್ಲ. ಗೋಡೆ ತೇವ ಹಿಡಿದು ಮೇಲಿನ ಬಣ್ಣ ಕರಗಿ, ಅವನು ಬರುವ ಮೊದಲೇ ಆ ಕಣ್ಣು ತೆರೆದು ಊರಿಗೆಲ್ಲ ಗುಟ್ಟು ರಟ್ಟಾದೀತೆಂದು ಅವಳಿಗೆ ಅಂಜಿಕೆ. ಹಾಗಾಗಿ ಮಳೆ ಬಿದ್ದಾಗಲೆಲ್ಲ ಧೂಳು ಒರೆಸುವ ನೆಪ ಹೇಳಿ ದರಬಾರಿಗೆ ಹೋಗುತ್ತಾಳೆ, ಕೈಯಲ್ಲಿ ಒಣ ಅರಿವೆ ಹಿಡಿದು.

ಹಸಿ ಅರಿವೆ ಅವನ ಕೆಲಸ.